ತಾಲಿನ್, ರೀಗಾ, ವಿಲ್ನಿಯಸ್: ಮೂರು ಕೆಜಿಬಿ ಮ್ಯೂಸಿಯಂ, ಯಾವುದಕ್ಕೆ ಹೋಗೋದು?

ಬಾಲ್ಟಿಕ್ ಕಡೆ, ಅಂದ್ರೆ ತಾಲಿನ್ ಇರೋ ಎಸ್ಟೋನಿಯಾ, ರೀಗಾ ಇರೋ ಲಾಟ್ವಿಯಾ, ವಿಲ್ನಿಯಸ್ ಇರೋ ಲಿಥುವೇನಿಯಾಕ್ಕೆ, ಬ್ಯಾಗ್ ಏರಿಸ್ಕೊಂಡು ಹೊರಟ್ರೆ ತಲೆನೋವು ಕಮ್ಮಿ, ಒಂದೇ ಷೆಂಗೆನ್ ವೀಸಾ, ಮೂರೂ ದೇಶದಲ್ಲಿ ಯೂರೋ, ತಾಲಿನ್‌ನಿಂದ ರೀಗಾಗೆ ಬಸ್ಸಲ್ಲಿ ನಾಲ್ಕೂವರೆ ಗಂಟೆ, ಅಲ್ಲಿಂದ ವಿಲ್ನಿಯಸ್‌ಗೆ ಇನ್ನೊಂದು ನಾಲ್ಕು. ಹಳೇ ಪೇಟೆಗಳ ಬಗ್ಗೆ ಎಲ್ರೂ ಬರೆದಿದಾರೆ ಬಿಡಿ. ಈ ಮೂರೂ ದೇಶ ಸೋವಿಯತ್ ಕೈಲಿದ್ದಾಗ ಅವರ ಗುಪ್ತ ಪೊಲೀಸರಾದ ಕೆಜಿಬಿಯವರು ಕೂತಿದ್ದ ಜಾಗನ ಮೂರೂ ರಾಜಧಾನಿಲಿ ಈಗ ಮ್ಯೂಸಿಯಂ ಮಾಡಿದಾರೆ, ನಾನು ಮೂರನ್ನೂ ನೋಡ್ದೆ, ನಡೆದಿದ್ದು ಹೆಚ್ಚುಕಮ್ಮಿ ಒಂದೇ ಆದ್ರೂ ಹೇಳೋ ಧಾಟಿ ಮಾತ್ರ ಎಲ್ಲಿಂದೆಲ್ಲಿಗೋ.

ತಾಲಿನ್‌ದು ಹೋಟೆಲ್ ವಿರು. 1972ರಲ್ಲಿ ಶುರುವಾಗಿದ್ದು, ಹಡಗಲ್ಲಿ ಬರ್ತಿದ್ದ ಫಿನ್ಲೆಂಡ್ ಟೂರಿಸ್ಟ್‌ಗಳೇ ಗಿರಾಕಿಗಳು. ಲಿಫ್ಟಲ್ಲಿ 22ನೇ ಮಹಡಿವರೆಗೆ ಮಾತ್ರ ಬಟನ್, ಅದರ ಮೇಲೆ ಕೆಜಿಬಿಯವರ ರೇಡಿಯೋ ರೂಮು, ಬಾಗಿಲ ಮೇಲೆ ರಷ್ಯನ್‌ನಲ್ಲಿ ‘ಇಲ್ಲಿ ಏನೂ ಇಲ್ಲ’ ಅಂತ ಬೋರ್ಡು! ಗೈಡ್ ಜೊತೆ ಮಾತ್ರ ಬಿಡ್ತಾರೆ, ಮೊದಲೇ ಬುಕ್ ಮಾಡ್ಬೇಕು. ಈ ಬಿಲ್ಡಿಂಗ್ ಕಟ್ಟಿರೋದು ಅರ್ಧ ಕಾಂಕ್ರೀಟಲ್ಲಿ, ಇನ್ನರ್ಧ ಮೈಕ್ರೋಫೋನಲ್ಲಿ ಅನ್ನೋ ಜೋಕು ಅಲ್ಲಿ ಹೇಳೇ ಹೇಳ್ತಾರೆ, ಎಲ್ರೂ ನಕ್ಕೂ ನಗ್ತಾರೆ. ಡಯಲ್ಲೇ ಇಲ್ಲದ ಟೆಲಿಫೋನು, ಹರಡಿ ಬಿದ್ದಿರೋ ಕಾಗದ, ಸಿಗರೇಟ್ ತುಂಡು ತುಂಬಿದ ಆಶ್‌ಟ್ರೇ, ಎದ್ದು ಓಡಿ ಹೋದವರ ರೂಮು ಹೆಂಗಿತ್ತೋ ಹಂಗೇ. ಮಜಾ ಇದೆ, ಸುಳ್ಳು ಹೇಳಲ್ಲ. ಆದ್ರೆ 1949ರ ಮಾರ್ಚಲ್ಲಿ ಸೋವಿಯತ್‌ನೋರು ಇದೇ ಎಸ್ಟೋನಿಯಾದಿಂದ 20 ಸಾವಿರಕ್ಕೂ ಹೆಚ್ಚು ಜನರನ್ನ, ಅದರಲ್ಲೂ ಹೆಂಗಸರು ಮಕ್ಕಳೇ ಜಾಸ್ತಿ, ರೈಲಿಗೆ ತುಂಬಿ ಸೈಬೀರಿಯಾಕ್ಕೆ ಸಾಗಿಸಿದ್ರಲ್ಲ, ಅದರ ಭಾರ ಇಲ್ಲಿ ತಟ್ಟಲ್ಲ. ಪಾಗರಿ ಬೀದಿಲಿ ಕೆಜಿಬಿ ಸೆರೆಮನೆದು ಒಂದು ಸಣ್ಣ ಮ್ಯೂಸಿಯಂ ಇದೆ, ತಾಲಿನ್ ಅಷ್ಟೇ ನೋಡೋರು ಅದನ್ನೂ ಸೇರಿಸ್ಕೊಳ್ಳಿ.

ರೀಗಾದ್ದು ‘ಮೂಲೆ ಮನೆ’. 1912ರ ಹೊತ್ತಿಗೆ ಕಟ್ಟಿದ ಚೆಂದದ ಅಪಾರ್ಟ್‌ಮೆಂಟು, ಬ್ರೀವೀಬಾಸ್ ಬೀದಿ ಮೂಲೆಲಿದೆ, ಹೊರಗಿಂದ ನೋಡಿದ್ರೆ ಫೋಟೋ ತೆಗೀಬೇಕು ಅನ್ಸುತ್ತೆ. ಕೆಳಗಿನ ಸೆಲ್‌ಗಳಿಗೆ ಟಿಕೆಟು, ಅಲ್ಲೂ ಗೈಡ್ ಬೇಕು. ನಮ್ಮ ಗೈಡ್ ಒಂದು ಜೋಕೂ ಹೇಳ್ಲಿಲ್ಲ, ಸೆಲ್ ಬಾಗಿಲು ತೆಗೆದು ಒಳಗೆ ಬಿಟ್ಟು ಸುಮ್ನೆ ನಿಂತ್ಬಿಡೋರು, ರಾತ್ರಿಯಿಡೀ ಲೈಟ್ ಆರಿಸ್ತಿರ್ಲಿಲ್ವಂತೆ, ಉಸಿರು ಕಟ್ಟೋ ಸೆಕೆಲಿ ಒಬ್ಬರ ಮೇಲೊಬ್ಬರು ಇರೋ ಹಂಗೆ ತುಂಬ್ತಿದ್ರಂತೆ. ಆದ್ರೂ ನನಗೆ ಸೆಲ್‌ಗಿಂತ ಪ್ರವೇಶದಲ್ಲಿರೋ ಮರದ ಪೋಸ್ಟ್ ಡಬ್ಬ ಜಾಸ್ತಿ ಕಾಡ್ತು. ಕಾಣೆಯಾದ ಗಂಡನ, ಮಗನ ಸುದ್ದಿ ಕೇಳೋರೂ ಅದಕ್ಕೇ ಚೀಟಿ ಹಾಕ್ತಿದ್ರು, ಪಕ್ಕದ ಮನೆಯವರ ಮೇಲೆ ಚಾಡಿ ಬರೆಯೋರೂ ಅದಕ್ಕೇ ಹಾಕ್ತಿದ್ರು. ಒಂದೇ ಡಬ್ಬ!

ಇನ್ನು ವಿಲ್ನಿಯಸ್. ಹಳೇ ಕೋರ್ಟ್ ಕಟ್ಟಡ, ನಾಜಿ ಕಾಲದಲ್ಲಿ ಅವರ ಗುಪ್ತ ಪೊಲೀಸ್ ಗೆಸ್ಟಾಪೋನೂ ಇಲ್ಲೇ ಇತ್ತು, ಆಮೇಲೆ 1991ರವರೆಗೆ ಕೆಜಿಬಿ. ಗೈಡ್ ಇಲ್ದೆ ನಮ್ಮ ಪಾಡಿಗೆ ನಾವು ಓಡಾಡಬಹುದು, ಟಿಕೆಟ್ಟೂ ಮೂರರಲ್ಲಿ ಅಗ್ಗ. ಒಳಗೆ ಹೋಗೋ ಮುಂಚೆನೇ ಹೊರಗೋಡೆ ಕಲ್ಲುಗಳಲ್ಲಿ ಸತ್ತವರ ಹೆಸರು ಕೊರೆದಿದಾರೆ, ಪಕ್ಕದಲ್ಲಿ ಸತ್ತ ವರ್ಷ: 1945, 1946, 1945, 1946. ನೆಲಮಾಳಿಗೆಲಿ ಒಂದು ಸೆಲ್ ಇದೆ, ತಣ್ಣೀರು ಬಿಟ್ಟು ಮಧ್ಯೆ ಪಾದ ಇಡೋವಷ್ಟು ಕಟ್ಟೆ ಮಾತ್ರ, ನಿದ್ದೆ ಬಂತು ಅಂದ್ರೆ ನೀರಿಗೇ ಬೀಳೋದು. ಕೊನೆಗೆ ಗುಂಡಿಕ್ಕಿ ಕೊಲ್ತಿದ್ದ ಕೋಣೆ, ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದು ಅಲ್ಲೇ, ಈಗ ಗಾಜಿನ ನೆಲ ಹಾಕಿದಾರೆ, ಅದರ ಮೇಲೇ ನಡೀಬೇಕು.

ನನ್ ಕೇಳಿದ್ರೆ ಒಂದೇ ಆಗೋದಾದ್ರೆ ವಿಲ್ನಿಯಸ್ಸೇ. ಆದ್ರೆ ಅದರ ಮೇಲೆ ತಕರಾರೂ ಇದೆ. 2018ರವರೆಗೆ ಈ ಮ್ಯೂಸಿಯಂ ಹೆಸರಲ್ಲೇ ‘ನರಮೇಧ’ ಅಂತಿತ್ತು, ಆದ್ರೆ ತೋರಿಸ್ತಿದ್ದಿದ್ದು ಹೆಚ್ಚಾಗಿ ಸೋವಿಯತ್ ದೌರ್ಜನ್ಯನೇ, ನಾಜಿಗಳು ನಡೆಸಿದ ಯಹೂದಿಗಳ ಮಾರಣಹೋಮಕ್ಕೆ ಮಾತ್ರ ಒಂದು ಸಣ್ಣ ಸೆಲ್ ಕೊಟ್ಟಿದಾರೆ, ಅದೂ 2011ರಲ್ಲಿ, ಲಿಥುವೇನಿಯಾದ ಯಹೂದಿಗಳಲ್ಲಿ ನೂರಕ್ಕೆ ತೊಂಬತ್ತು ಜನ ಸತ್ತಿದ್ರೂನು. ಅದಕ್ಕೇ ಅಲ್ಲಿಗೆ ಹೋದೋರು ಲೋಕಲ್ ಟ್ರೈನ್ ಹತ್ತಿ ಪನೆರಿಯಾಯ್‌ಗೂ ಹೋಗಿ, ಹತ್ತಿಪ್ಪತ್ತು ನಿಮಿಷ ಅಷ್ಟೇ, ಪೈನ್ ಕಾಡೊಳಗೆ ದೊಡ್ಡ ದೊಡ್ಡ ಗುಂಡಿಗಳು, 1941ರಿಂದ 44ರೊಳಗೆ ನಾಜಿಗಳು ಸುಮಾರು 70 ಸಾವಿರ ಯಹೂದಿಗಳನ್ನ ಅಲ್ಲಿ ಕೊಂದ್ರು, ಬಂದೂಕು ಹಿಡಿದೋರಲ್ಲಿ ಲಿಥುವೇನಿಯಾದವರೂ ಇದ್ರು.

ಅಲ್ಲಿಂದ ವಾಪಸ್ ಬಂದ್ಮೇಲೆ ಊಟ ಸೇರಲ್ಲ, ಆದ್ರೂ ವೆಜ್‌ನೋರಿಗೆ ಹೇಳ್ತೀನಿ, ಶಲ್ಟಿಬರ್ಶ್ಚೈ ಅಂತ ಗುಲಾಬಿ ಬಣ್ಣದ ತಣ್ಣನೆ ಸೂಪ್ ಸಿಗುತ್ತೆ, ಹೆಚ್ಚುಕಮ್ಮಿ ನಮ್ಮ ಬೀಟ್ರೂಟ್ ಸಾಸಿವೆನೇ, ಮೊಟ್ಟೆ ಹಾಕ್ಬೇಡಿ ಅಂತ ಮೊದಲೇ ಹೇಳಿ. ವಿಲ್ನಿಯಸ್ ಮ್ಯೂಸಿಯಂ ವಾರದ ಶುರುಲಿ, ಸೋಮವಾರ ಮಂಗಳವಾರ, ಮುಚ್ಚಿರುತ್ತೆ, ತಾಲಿನ್‌ನಿಂದ ಕೆಳಗೆ ಇಳೀತಾ ಬರೋರು ಬುಧವಾರ ಇಲ್ಲಾ ಆಮೇಲೆ ವಿಲ್ನಿಯಸ್ ಮುಟ್ಟೋ ಹಂಗೆ ಬಸ್ ಬುಕ್ ಮಾಡ್ಕೊಳ್ಳಿ.