ಪ್ಯಾಕೆಟ್ ಹಿಟ್ಟು, ಗಿರಣಿ ಹಿಟ್ಟು, ಮನೆಯಲ್ಲೇ ಸುಣ್ಣ ಹಾಕಿ ಬೇಯಿಸಿದ್ದು: ಟೋರ್ಟಿಯಾಗೆ ಯಾವುದು?

ಮೆಕ್ಸಿಕನ್ ಅಡುಗೆಯನ್ನು ಮನೆಯಲ್ಲಿ ಸರಿಯಾಗಿ ಮಾಡಬೇಕು ಅಂತ ಹೊರಟವರು ಮೊದಲು ದುಡ್ಡು ಹಾಕುವುದು ಕಲ್ಲಿನ ಒರಳಿಗೆ, ಮಣ್ಣಿನ ಮಡಕೆಗೆ, ಬಗೆಬಗೆಯ ಒಣಮೆಣಸಿನಕಾಯಿಗೆ. ಹಿಟ್ಟಿನ ಯೋಚನೆ ಬರುವುದು ಕೊನೆಗೆ. ನನ್ನ ಪ್ರಕಾರ ಇದು ಪೂರ್ತಿ ಉಲ್ಟಾ. ಮೆಕ್ಸಿಕೊದ ಊಟ ನಿಂತಿರುವುದೇ ಮೆಕ್ಕೆಜೋಳದ ಮೇಲೆ. ಅದೊಂದು ಸರಿಯಾದರೆ ಉಳಿದದ್ದಕ್ಕೆ ಮಿಕ್ಸಿ, ಕುಕ್ಕರ್ ಬಳಸಿದರೂ ಊಟ ಕೆಡುವುದಿಲ್ಲ. ಅದೇ ಸಪ್ಪೆಯಾಗಿದ್ದರೆ ಎಷ್ಟು ಚೆಂದದ ಒರಳು ಇಟ್ಟುಕೊಂಡರೂ ಪ್ರಯೋಜನ ಇಲ್ಲ.

ನಾನಿರುವುದು ಮೆಕ್ಸಿಕೊದ ಗ್ವಾದಲಹಾರಾದಲ್ಲಿ, ಕೆಲಸದ ಸಲುವಾಗಿ. ಎತ್ತ ತಿರುಗಿದರೂ ಟೋರ್ಟಿಯಾ, ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿ, ಮಾರುವ ಒಂದು ಅಂಗಡಿ ಕಾಣುವ ಊರು. ಯಂತ್ರದಿಂದ ಬಿಸಿಬಿಸಿಯಾಗಿ ಇಳಿಯುವುದನ್ನು ತೂಗಿ, ಕಾಗದದಲ್ಲಿ ಸುತ್ತಿ ಕೊಡುತ್ತಾರೆ. ಬಹಳ ಮನೆಗಳಲ್ಲಿ ದಿನದ ಊಟಕ್ಕೆ ಅದೇ, ಕೆಲಸದ ದಿನಗಳಲ್ಲಿ ನಮ್ಮ ಮನೆಯಲ್ಲೂ ಅದೇ. ಆದರೆ ಕೊಮಾಲ್ ಮೇಲೆ, ಅಂದರೆ ಇಲ್ಲಿನ ಕಾವಲಿಯ ಮೇಲೆ, ಆಗಷ್ಟೇ ಉಬ್ಬಿದ ಟೋರ್ಟಿಯಾದ ರುಚಿಯೇ ಬೇರೆ. ಅದಕ್ಕೆ ಹಿಟ್ಟು ಎಲ್ಲಿಂದ ತರಬೇಕು ಅನ್ನುವುದೇ ಪ್ರಶ್ನೆ. ದಾರಿ ಮೂರಿವೆ, ಮೂರನ್ನೂ ಮಾಡಿ ನೋಡಿದ್ದೇನೆ.

ಮೂರಕ್ಕೂ ಸೇರಿದ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಟೋರ್ಟಿಯಾಗೆ ಬೇಕಾಗಿರುವುದು ಒಣ ಮೆಕ್ಕೆಜೋಳವನ್ನು ಬೀಸಿದ ಹಿಟ್ಟಲ್ಲ. ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ರಾತ್ರಿಯಿಡೀ ನೆನೆಸಿ, ತೊಳೆದು, ಹಸಿಯಾಗಿ ರುಬ್ಬಬೇಕು. ಸುಣ್ಣದ ನೀರಲ್ಲಿ ಬೆಂದ ಆ ಕಾಳಿಗೆ ನಿಕ್ಸ್ತಮಾಲ್ ಅಂತಾರೆ, ರುಬ್ಬಿದ ಹಿಟ್ಟಿಗೆ ಮಾಸಾ. ಸುಣ್ಣ ಕಾಳಿನ ಸಿಪ್ಪೆ ಬಿಡಿಸುತ್ತದೆ, ಹಿಟ್ಟಿಗೆ ಅಂಟು ಕೊಡುತ್ತದೆ, ಕಾಳಿನೊಳಗೆ ದೇಹಕ್ಕೆ ಸಿಗದಂತೆ ಸಿಕ್ಕಿಹಾಕಿಕೊಂಡ ನಿಯಾಸಿನ್ ಅನ್ನುವ ಬಿ ವಿಟಮಿನ್ ಅನ್ನು ಬಿಡಿಸುತ್ತದೆ. ಯುರೋಪಿನವರು ಇಲ್ಲಿಂದ ಕಾಳನ್ನು ಮಾತ್ರ ಹೊತ್ತುಕೊಂಡು ಹೋದರು, ಸುಣ್ಣದ ವಿದ್ಯೆ ಇಲ್ಲೇ ಉಳಿಯಿತು. ಮೆಕ್ಕೆಜೋಳವನ್ನೇ ನೆಚ್ಚಿಕೊಂಡ ಉತ್ತರ ಇಟಲಿಯ ಬಡವರಲ್ಲಿ, ಮುಂದೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ನಿಯಾಸಿನ್ ಕೊರತೆಯಿಂದ ಬರುವ ಪೆಲಾಗ್ರಾ ರೋಗ ಹಬ್ಬಿತು. ಇದೇ ಕಾಳು ತಿಂದು ಬೆಳೆದ ಇಲ್ಲಿನ ಹಳ್ಳಿಗಳಲ್ಲಿ ಆ ಕಾಟ ಅಪರೂಪ. ಇಲ್ಲಿನ ಹೆಂಗಸರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದ ಈ ವಿದ್ಯೆಯ ಬಗ್ಗೆ ನನಗೆ ತುಂಬಾ ಗೌರವ ಇದೆ.

ಈಗ ಪ್ಯಾಕೆಟ್ ಹಿಟ್ಟು. ಇದೂ ನಿಕ್ಸ್ತಮಾಲೇ, ಬೇಯಿಸಿ ರುಬ್ಬಿದ್ದನ್ನು ಒಣಗಿಸಿ ಪುಡಿ ಮಾಡಿರುತ್ತಾರೆ. ಮಸೇಕಾ ಹೆಸರು ಕೇಳಿರುತ್ತೀರಿ. ಅದನ್ನು ಮಾಡುವ ಗ್ರುಮಾ ಕಂಪನಿ 1949ರಲ್ಲಿ ನ್ಯೂವೊ ಲಿಯಾನ್ ರಾಜ್ಯದ ಸೆರಾಲ್ವೊ ಅನ್ನುವ ಊರಲ್ಲಿ ಶುರುವಾದದ್ದು. ಎರಡು ಲೋಟ ಹಿಟ್ಟಿಗೆ ಸುಮಾರು ಒಂದೂವರೆ ಲೋಟ ಬೆಚ್ಚಗಿನ ನೀರು, ಚಿಟಿಕೆ ಉಪ್ಪು, ಕಲಸಿ ಹದಿನೈದು ಇಪ್ಪತ್ತು ನಿಮಿಷ ಒದ್ದೆ ಬಟ್ಟೆ ಮುಚ್ಚಿಟ್ಟರೆ ಆಯಿತು. ಇದರ ದೊಡ್ಡ ಗುಣ ಅಂದರೆ ಯಾವತ್ತು ಮಾಡಿದರೂ ಒಂದೇ ಥರ ಬರುತ್ತದೆ. ಕಲಿಯುವವರು ಇದರಲ್ಲೇ ಕಲಿಯಬೇಕು. ಒತ್ತುವಾಗ ಅಂಚು ಬಿರುಕು ಬಿಟ್ಟರೆ ನೀರು ಸಾಲದು, ಪ್ಲಾಸ್ಟಿಕ್ ಹಾಳೆಗೆ ಅಂಟಿಕೊಂಡರೆ ನೀರು ಜಾಸ್ತಿ. ಈ ಹದ ಕೈಗೆ ಹತ್ತಲು ಪ್ಯಾಕೆಟ್ ಹಿಟ್ಟಿಗಿಂತ ಒಳ್ಳೆಯ ಗುರು ಇಲ್ಲ. ಆದರೆ ಒಣಗಿಸಿದ ಯಾವ ಹಿಟ್ಟಿನಲ್ಲೂ ಪರಿಮಳ ತೆಳು. ಆರಿದ ಮೇಲೆ ಬೇಗ ಗಟ್ಟಿಯಾಗುತ್ತದೆ, ಮರುದಿನ ಬಿಸಿ ಮಾಡಿ ಮಡಚಿದರೆ ನಡುವೆ ಸೀಳುತ್ತದೆ.

ಎರಡನೆಯದು ಗಿರಣಿ ಹಿಟ್ಟು. ಇಲ್ಲಿನವರು ಮೊಲೀನೊ ಅಂತಾರೆ, ನಿಕ್ಸ್ತಮಾಲನ್ನು ಕಲ್ಲಿನಲ್ಲಿ ರುಬ್ಬಿ ಹಸಿ ಹಿಟ್ಟನ್ನೇ ತೂಗಿ ಕೊಡುವ ಜಾಗ. ಬೆಳಿಗ್ಗೆಯೇ ಹೋಗಬೇಕು. ಟೋರ್ಟಿಯಾಗೆ ನುಣ್ಣಗೆ ರುಬ್ಬಿದ್ದು, ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ತಮಾಲ್‌ಗೆ ತರಿ ತರಿ, ಯಾವುದಕ್ಕೆ ಅಂತ ಬಾಯಿಬಿಟ್ಟು ಹೇಳಿ ತರಬೇಕು. ಹೊತ್ತು ಹಿಡಿಯುವ ಕೆಲಸ ಇಲ್ಲ, ತಂದು ಸ್ವಲ್ಪ ನಾದಿ ಒತ್ತಿದರೆ ಮುಗಿಯಿತು. ಆದರೂ ಎರಡು ತಕರಾರು ಇವೆ. ಬೇಸಿಗೆಯಲ್ಲಿ ಬೆಳಿಗ್ಗೆ ತಂದದ್ದು ಸಂಜೆಗೆ ಹುಳಿ ಬರುತ್ತದೆ. ಮತ್ತೆ ಎಲ್ಲ ಗಿರಣಿಯೂ ಒಂದೇ ಅಲ್ಲ, ಕೆಲವರು ಹಸಿ ಹಿಟ್ಟಿಗೆ ಒಣ ಹಿಟ್ಟು ಬೆರೆಸುತ್ತಾರೆ, ಕೆಲವರು ಸುಣ್ಣ ಜಾಸ್ತಿ ಹಾಕುತ್ತಾರೆ. ಬಿಳಿ ಮೆಕ್ಕೆಜೋಳದ ಹಿಟ್ಟು ಹಳದಿಗೆ ತಿರುಗಿ, ತಿಂದಾಗ ನಾಲಿಗೆಯ ಹಿಂಭಾಗದಲ್ಲಿ ಸೋಪಿನ ಥರ ಅನ್ನಿಸಿದರೆ ಸುಣ್ಣ ಮೀರಿದೆ ಅಂತ ಅರ್ಥ. ಮನೆ ಹತ್ತಿರದ ಗಿರಣಿಯಲ್ಲಿ ನನಗೆ ಇದೇ ಆಗುತ್ತಿತ್ತು, ಈಗ ಸ್ವಲ್ಪ ದೂರದ್ದಕ್ಕೆ ಹೋಗುತ್ತೇನೆ.

ಮೂರನೆಯದು ಮನೆಯಲ್ಲೇ ಎಲ್ಲ ಮಾಡುವುದು. ಒಂದು ಕಿಲೋ ಒಣ ಕಾಳು, ಎರಡೂವರೆ ಲೀಟರ್ ನೀರು, ಹತ್ತು ಗ್ರಾಂ ಸುಣ್ಣ. ಸ್ಟೀಲ್ ಪಾತ್ರೆಯೇ ಬೇಕು, ಅಲ್ಯುಮಿನಿಯಂ ಬೇಡವೇ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಸುಣ್ಣವನ್ನು ನೀರಲ್ಲಿ ಕದಡಿ, ಕಾಳು ಹಾಕಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯ ಹತ್ತಿರ. ಸ್ವಲ್ಪ ಹೊತ್ತಿಗೆ ನೀರು ಹಳದಿಯಾಗಿ, ಮನೆಯೆಲ್ಲ ಮೊದಲ ಮಳೆ ಬಿದ್ದ ಮಣ್ಣಿನಂಥ ವಾಸನೆ. ಒಂದು ಕಾಳು ತೆಗೆದು ಎರಡು ಬೆರಳಲ್ಲಿ ಉಜ್ಜಿ ನೋಡಿ, ಸಿಪ್ಪೆ ಲೋಳೆಯಾಗಿ ಜಾರಬೇಕು. ಉಗುರಿನಿಂದ ಸೀಳಿದರೆ ನಡುವೆ ಇನ್ನೂ ಬೇಯದ ಬಿಳಿ ಚುಕ್ಕೆ ಕಾಣಬೇಕು. ಆ ಚುಕ್ಕೆ ಇರುವಾಗಲೇ ಒಲೆ ಆರಿಸಿ. ಚುಕ್ಕೆ ಹೋಗುವವರೆಗೆ ಬೇಯಿಸಿದರೆ ರುಬ್ಬಿದಾಗ ಅಂಟಂಟು ಗಂಜಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ರಾತ್ರಿ ಅದೇ ನೀರಲ್ಲಿ ಬಿಟ್ಟು ಬೆಳಿಗ್ಗೆ ತೊಳೆಯಿರಿ. ಸಿಪ್ಪೆಯನ್ನೆಲ್ಲ ತಿಕ್ಕಿ ತಿಕ್ಕಿ ತೆಗೆಯಬೇಡಿ, ಅಲ್ಲಲ್ಲಿ ಸ್ವಲ್ಪ ಉಳಿದರೆ ಟೋರ್ಟಿಯಾ ಮೆತ್ತಗೆ ಬಗ್ಗುತ್ತದೆ.

ಕಷ್ಟ ಇರುವುದು ರುಬ್ಬುವುದರಲ್ಲಿ. ಮಿಕ್ಸಿಯಲ್ಲಿ ರುಬ್ಬಬೇಕಾದರೆ ಬ್ಲೇಡ್ ತಿರುಗಲು ನೀರು ಹಾಕಲೇಬೇಕು, ಹಿಟ್ಟು ದೋಸೆ ಹಿಟ್ಟಿನ ಹದಕ್ಕೆ ಬಂದುಬಿಡುತ್ತದೆ, ಕೊನೆಗೆ ಪ್ಯಾಕೆಟ್ ಹಿಟ್ಟು ಸೇರಿಸಿ ಗಟ್ಟಿ ಮಾಡಬೇಕು. ಕೈಯಿಂದ ತಿರುಗಿಸುವ ಕಬ್ಬಿಣದ ಗಿರಣಿಯಲ್ಲಿ ನೀರಿನ ಸಮಸ್ಯೆ ಇಲ್ಲ, ಆದರೆ ಎರಡು ಸಲ ಹಾಯಿಸಿದರೂ ಸ್ವಲ್ಪ ತರಿ ಉಳಿಯುತ್ತದೆ, ತೋಳು ಬಿದ್ದುಹೋಗುತ್ತದೆ. ನಮ್ಮ ಟೇಬಲ್ ಟಾಪ್ ಗ್ರೈಂಡರ್ ಇವೆರಡಕ್ಕಿಂತ ವಾಸಿ. ಕಾಳನ್ನು ಸ್ವಲ್ಪ ಸ್ವಲ್ಪವೇ ಹಾಕುತ್ತಾ, ಚಮಚದಲ್ಲಿ ನೀರು ಚಿಮುಕಿಸುತ್ತಾ, ಪಕ್ಕದಲ್ಲೇ ನಿಂತು ಸಟ್ಟುಗದಿಂದ ಬದಿ ಕೆರೆದು ತಳ್ಳುತ್ತಾ ಇದ್ದರೆ ನುಣ್ಣಗೆ ಬರುತ್ತದೆ. ಇಷ್ಟೆಲ್ಲ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ, ನನಗೆ ಅದೇ ಹೆಚ್ಚು ಇಷ್ಟ. ಕಾಳು ಮನೆಯಲ್ಲಿ ಬೇಯಿಸಿ, ಬಕೆಟ್‌ನಲ್ಲಿ ಗಿರಣಿಗೆ ಒಯ್ದು ರುಬ್ಬಿಸಿಕೊಂಡು ಬರುವುದು. ಹೇಳಿದರೆ ಕೆಲವು ಗಿರಣಿಯವರು ಮಾಡಿಕೊಡುತ್ತಾರೆ.

ಮೂರು ಹಿಟ್ಟನ್ನೂ ಒಂದೇ ಸಂಜೆ, ಒಂದೇ ಕೊಮಾಲ್ ಮೇಲೆ, ಮೂವತ್ತು ಗ್ರಾಂ ಉಂಡೆ ತೂಗಿಕೊಂಡು ಮಾಡಿದೆ. ಹಾಕಿದ ಹದಿನೈದು ಇಪ್ಪತ್ತು ಸೆಕೆಂಡಿಗೆ ಒಂದು ಮಗುಚು, ಮುಕ್ಕಾಲು ನಿಮಿಷ ಬಿಟ್ಟು ಇನ್ನೊಂದು. ಉಬ್ಬುವುದು ಆ ಎರಡನೇ ಮಗುಚಿನ ಮೇಲೆ. ಪ್ಯಾಕೆಟ್ಟಿನದು ಬಟ್ಟೆಯಿಂದ ಮೆಲ್ಲಗೆ ಒತ್ತಿದರೆ ಉಬ್ಬಿತು, ಕೆಲವು ಉಬ್ಬಲಿಲ್ಲ. ಗಿರಣಿಯದ್ದೂ ಮನೆಯದ್ದೂ ಮುಟ್ಟದೆಯೇ ಎದ್ದು ನಿಂತವು. ಬರೀ ಉಪ್ಪು ಹಚ್ಚಿ ತಿಂದಾಗ ಪ್ಯಾಕೆಟ್ಟಿನದಕ್ಕೆ ಸಾಲ್ಸಾ, ಅಂದರೆ ಇಲ್ಲಿನ ಚಟ್ನಿ, ಬೇಕು ಅನ್ನಿಸಿತು, ಮನೆಯದಕ್ಕೆ ಏನೂ ಬೇಡ ಅನ್ನಿಸಿತು. ಗಿರಣಿಯದು ಮನೆಯದಕ್ಕೆ ತೀರಾ ಹತ್ತಿರ. ಹಾಗಾಗಿ ಒಳ್ಳೆಯ ಗಿರಣಿ ಸಿಕ್ಕಿದವರು ಕಣ್ಣುಮುಚ್ಚಿ ಅದನ್ನೇ ತನ್ನಿ. ಗಿರಣಿಯೇ ಇಲ್ಲದ ಊರಲ್ಲಿರುವವರು ಮಾತ್ರ ಮನೆಯಲ್ಲಿ ಬೇಯಿಸುವ ಶ್ರಮ ತೆಗೆದುಕೊಳ್ಳಿ, ನೀಲಿ ಅಥವಾ ಕೆಂಪು ಕಾಳು ಸಿಕ್ಕಿದಾಗಲಂತೂ ಖಂಡಿತ.

ಸಾಲ್ಸಾಗೆ ಬಂದರೆ ಮೊಲ್ಕಾಹೇತೆ ಅನ್ನುವ ಕಪ್ಪು ಕಲ್ಲಿನ ಒರಳೋ, ಮಿಕ್ಸಿಯೋ ಅಂತ ವಾದ ನಡೆಯುತ್ತಲೇ ಇರುತ್ತದೆ. ನನ್ನ ಕೈಗೆ ಕಂಡದ್ದು ಬೇರೆ. ಟೊಮೆಟೊ, ಸಿಪ್ಪೆ ಸಮೇತ ಬೆಳ್ಳುಳ್ಳಿ, ಮೆಣಸಿನಕಾಯಿ ಇವನ್ನು ಕೊಮಾಲ್ ಮೇಲೆ ಕಪ್ಪು ಕಲೆ ಬೀಳುವ ತನಕ ಸುಟ್ಟಿದ್ದರೆ ಮಿಕ್ಸಿ ಸಾಲ್ಸಾವೂ ಚೆನ್ನಾಗಿರುತ್ತದೆ. ಸುಡದಿದ್ದರೆ ಕಲ್ಲು ಏನೂ ಮಾಡಲಾರದು. ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ, ಇಲ್ಲದಿದ್ದರೆ ಗಾಳಿ ಸೇರಿ ನೊರೆ ಬಂದು ಬಣ್ಣ ಮಾಸುತ್ತದೆ. ಈರುಳ್ಳಿಯನ್ನು ರುಬ್ಬಬೇಡಿ, ಹೆಚ್ಚಿ ಮೇಲೆ ಹಾಕಿ. ಗ್ವಾದಲಹಾರಾ ಇರುವ ಹಲಿಸ್ಕೊ ರಾಜ್ಯದ ಯಾವಲಿಕಾ ಮೆಣಸಿನಕಾಯಿಗೆ 2018ರಲ್ಲಿ ಊರಿನ ಹೆಸರಿನ ರಕ್ಷಣೆ ಸಿಕ್ಕಿದೆ, ಸಣ್ಣಗೆ ತೆಳ್ಳಗಿನ ಕಾಯಿ, ಸುಡುವಾಗ ಕೆಲವೇ ಸೆಕೆಂಡು, ಕರಿಯಾದರೆ ಕಹಿ. ಗ್ವಾಹೀಯೊ ಅನ್ನುವ ಒಣಮೆಣಸಿನಕಾಯಿಯ ಸಿಪ್ಪೆ ದಪ್ಪ, ಅದರ ಸಾರಿಗೆ ಮಿಕ್ಸಿಯೇ ಸರಿ, ರುಬ್ಬಿ ಸೋಸಿಬಿಡಿ. ಒರಳು ನಿಜವಾಗಿ ಗೆಲ್ಲುವುದು ಗ್ವಾಕಮೋಲೆಯಲ್ಲಿ, ಅಂದರೆ ಬೆಣ್ಣೆಹಣ್ಣು ಅರೆದು ಮಾಡುವ ಚಟ್ನಿಯಲ್ಲಿ. ಕೊಳ್ಳುವುದಿದ್ದರೆ ಸಂತೆಯಲ್ಲಿ ಸಿಮೆಂಟಿನದೂ ಸಿಗುತ್ತದೆ, ಹುಷಾರು. ಒದ್ದೆ ಅಕ್ಕಿ ಹಾಕಿ ಅರೆದು ನೋಡಿ, ಎಷ್ಟು ಸಲ ಅರೆದರೂ ಬೂದು ಪುಡಿ ಬರುತ್ತಲೇ ಇದ್ದರೆ ಬೇಡ. ಇಲ್ಲಿಗೆ ಹತ್ತಿರದ ಸಾನ್ ಲೂಕಾಸ್ ಎವಾಂಹೆಲಿಸ್ತಾದಲ್ಲಿ ಜ್ವಾಲಾಮುಖಿ ಕಲ್ಲನ್ನು ಕೆತ್ತುವವರೇ ಇದ್ದಾರೆ.

ಹುರುಳಿಕಾಯಿ ಬೀಜಕ್ಕೆ, ಅಂದರೆ ಬೀನ್ಸ್ ಕಾಳಿಗೆ, ನಾನು ಕುಕ್ಕರ್ ಪಕ್ಷ. ಮಣ್ಣಿನ ಮಡಕೆಯಲ್ಲಿ ಕಟ್ಟು ಗಟ್ಟಿಯಾಗಿ ಬರುವುದು ನಿಜ. ಆದರೆ ಇಲ್ಲಿನ ಹಳೆಯ ರೀತಿಯ ಹೊಳಪಿನ ಲೇಪದಲ್ಲಿ ಸೀಸ ಇರುತ್ತದೆ, ಸೀಸವಿಲ್ಲದ್ದು ಅಂತ ಖಚಿತವಾಗದ ಮಡಕೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಬೇಡಿ. ಕೊನೆಗೆ ಎಪಸೋತೆ ಸೊಪ್ಪಿನ ಒಂದು ಕಡ್ಡಿ ಹಾಕಿದರೆ ಕುಕ್ಕರ್ ಕಾಳಿಗೂ ಇಲ್ಲಿನ ರುಚಿ ಬರುತ್ತದೆ. ಹಂದಿ ಕೊಬ್ಬು ಹಾಕದಿದ್ದರೆ ಅಸಲಿ ಅಲ್ಲ ಅನ್ನುವವರಿದ್ದಾರೆ. ಹಂದಿ ಈ ನಾಡಿಗೆ ಬಂದದ್ದೇ ಸ್ಪೇನಿನವರ ಜೊತೆ, ಕಾಳು ಅದಕ್ಕಿಂತ ಎಷ್ಟೋ ಹಳೆಯದು. ಸಸ್ಯಾಹಾರಿಗಳು ಧೈರ್ಯವಾಗಿ ಎಣ್ಣೆ ಬಳಸಿ, ಅಥವಾ ಕಟ್ಟಿನ ಸಮೇತ ಹಾಗೇ ಬಡಿಸಿ.

ನಮ್ಮ ಕರ್ನಾಟಕದ ಊರಿನಲ್ಲಿ ಮಾಡಲು ಹೊರಟವರಿಗೆ ಎರಡು ಮಾತು. ಅಂಗಡಿಯ ಮಾಮೂಲಿ ಮೆಕ್ಕೆಜೋಳದ ಹಿಟ್ಟಿನಲ್ಲಿ ಟೋರ್ಟಿಯಾ ಆಗುವುದಿಲ್ಲ, ಸುಣ್ಣ ಕಾಣದ ಹಿಟ್ಟು ಒತ್ತಿದ ಕೂಡಲೇ ಒಡೆಯುತ್ತದೆ. ದಾವಣಗೆರೆ, ಹಾವೇರಿ ಕಡೆಯ ಒಣ ಗೋವಿನಜೋಳದ ಕಾಳು ತನ್ನಿ, ಬಿತ್ತನೆಗೆ ಔಷಧಿ ಹಚ್ಚಿದ್ದಲ್ಲ, ತಿನ್ನಲು ಇಟ್ಟದ್ದು. ಸ್ವೀಟ್ ಕಾರ್ನ್ ಬೇಡ. ಸುಣ್ಣ ಅಂದರೆ ಗೋಡೆಗೆ ಹೊಡೆಯುವುದಲ್ಲ, ಆಹಾರಕ್ಕೆ ಅಂತಲೇ ಮಾರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪುಡಿ. ಗ್ವಾಹೀಯೊ ಸಿಗದಿದ್ದರೆ ಬ್ಯಾಡಗಿ ಹಾಕಿ, ರುಚಿ ಅದೇ ಅಲ್ಲ, ಆದರೆ ಬಣ್ಣ ಜಾಸ್ತಿ, ಖಾರ ಕಡಿಮೆ ಅನ್ನುವ ಕೆಲಸ ಅದೂ ಮಾಡುತ್ತದೆ. ಕಾಳು ಬೇಯುವ ಹೊತ್ತು ತಳಿಯಿಂದ ತಳಿಗೆ ಬದಲಾಗುತ್ತದೆ, ಗಡಿಯಾರ ನೋಡಬೇಡಿ, ಆ ಬಿಳಿ ಚುಕ್ಕೆ ನೋಡಿ. ಮೊದಲ ಸಲಕ್ಕೆ ಕಾಲು ಕಿಲೋ ಸಾಕು.