ಪೀಣ್ಯದ ಬ್ಲಾಸ್ಟಿಂಗ್ ಶೆಡ್ಡಿಗೆ ಹೋಗಿಬಂದ ಪದ್ಮಿನಿಯ ಬಿಡಿಭಾಗಗಳು

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿ 1984ರಲ್ಲಿ ಕೊಂಡ ಕಾರು. ತಂದೆಯವರು ಓಡಿಸುವುದನ್ನು ಬಿಟ್ಟ ಮೇಲೆ ಒಂಬತ್ತು ಮಳೆಗಾಲಗಳನ್ನು ಅದು ಶೀಟಿನ ಮಾಡಿನ ಕೆಳಗೆ ನಿಂತೇ ಕಳೆಯಿತು. ಕಳೆದ ವರ್ಷ ಅದನ್ನು ಬಿಚ್ಚಿ, ಲೋಹದ ಭಾಗಗಳನ್ನು ಶುಚಿಗೊಳಿಸಲು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಬ್ಲಾಸ್ಟಿಂಗ್ ಶೆಡ್ಡಿಗೂ, ಅವರೇ ತೋರಿಸಿಕೊಟ್ಟ ಕ್ರೋಮಿನಂಥ ಲೋಹದ ಲೇಪ ಹಾಕುವ ಒಂದು ಪ್ಲೇಟಿಂಗ್ ಘಟಕಕ್ಕೂ ಕೊಟ್ಟೆ. ಇಂಥ ಘಟಕಗಳು ಅಲ್ಲಿ ಹಲವಾರು ಇವೆ. ಯಾವುದಕ್ಕೆ ಕೊಟ್ಟರೂ ಗಿರಾಕಿ ಕೇಳಬೇಕಾದ ಪ್ರಶ್ನೆಗಳು ಅವೇ ಆಗಿರುವುದರಿಂದ ಹೆಸರುಗಳನ್ನು ಬರೆಯದೆ ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ.

ಶೆಡ್ಡಿನವರ ಮುಖ್ಯ ಕೆಲಸ ವೇಪರ್ ಬ್ಲಾಸ್ಟಿಂಗ್. ಮುಚ್ಚಿದ ಪೆಟ್ಟಿಗೆಯೊಳಗೆ ನೀರು ಮತ್ತು ಸಣ್ಣ ಗಾಜಿನ ಮಣಿಗಳ ಮಿಶ್ರಣವನ್ನು ಗಾಳಿಯ ಒತ್ತಡದಲ್ಲಿ ಲೋಹದ ಮೇಲೆ ಹಾಯಿಸುತ್ತಾರೆ. ಬ್ಲಾಸ್ಟಿಂಗಿಗೆ ಒಣ ಮರಳನ್ನು ಬಳಸಿದರೆ ಅದು ಮೆದು ಲೋಹವನ್ನು ಗೀರಿ ಒರಟಾಗಿಸುತ್ತದೆ, ಅದರ ಸಿಲಿಕಾ ಧೂಳು ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ತರುತ್ತದೆ. ನೀರು ಬೆರೆತಾಗ ಧೂಳೇಳುವುದಿಲ್ಲ, ಮಣಿಗಳು ಲೋಹವನ್ನು ಕೊರೆಯುವ ಬದಲು ಮೆಲ್ಲನೆ ತಟ್ಟಿ ನಯಗೊಳಿಸುತ್ತವೆ. ಪದ್ಮಿನಿಯ 1089 ಸಿ.ಸಿ. ಎಂಜಿನ್ನಿನ ಅಲ್ಯೂಮಿನಿಯಂ ಹೆಡ್ಡಿಗೂ ಪೆಟ್ರೋಲಿಗೆ ಗಾಳಿ ಬೆರೆಸುವ, ಸತುವಿನ ಮಿಶ್ರಲೋಹದ ಕಾರ್ಬುರೇಟರಿಗೂ ಇದು ಹೇಳಿಮಾಡಿಸಿದ ವಿಧಾನ.

ಕಾರ್ಬುರೇಟರನ್ನು ಕೊಡುವಾಗ ಅದರ ಮೈಮೇಲೆ ಆರಿದ ಪೆಟ್ರೋಲಿನ ಕಂದು ಅಂಟೂ, ಸಂದುಗಳಲ್ಲಿ ಸತುವಿನ ಬಿಳಿ ಪುಡಿಯೂ ಇದ್ದವು. ಜೆಟ್ಟು (ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಹಿತ್ತಾಳೆ ತುಂಡು), ಫ್ಲೋಟು, ಸೂಜಿ, ರಬ್ಬರು ಎಲ್ಲವನ್ನೂ ಬಿಚ್ಚಿ ತೆಗೆಯದ ಹೊರತು ಅಲ್ಲಿನ ಹಿರಿಯ ಮೇಸ್ತ್ರಿಯವರು ಅದನ್ನು ಮುಟ್ಟಲೂ ಒಪ್ಪಲಿಲ್ಲ. ಆಗ ಸ್ವಲ್ಪ ಬೇಸರವಾಯಿತಾದರೂ ಅವರ ಮಾತೇ ಸರಿಯಾಗಿತ್ತು. ಮೂರು ದಿನಗಳ ಬಳಿಕ ಅದು ಮಂದ ಬೂದು ಬಣ್ಣದಲ್ಲಿ, ಈಗಷ್ಟೇ ಎರಕದಿಂದ ಹೊರಬಂದಂತೆ ಮರಳಿತು. ಅದುವರೆಗೆ ಕಾಣದಿದ್ದ ಉಬ್ಬಕ್ಷರಗಳನ್ನು ಕನ್ನಡಕವಿಲ್ಲದೆ ಓದಬಹುದಿತ್ತು. ಆದರೆ ಮನೆಯಲ್ಲಿ ಅದನ್ನು ದಿನಪತ್ರಿಕೆಯ ಮೇಲಿಟ್ಟು ಐಡಲ್ ಜೆಟ್ಟಿನ ದಾರಿಗೆ ಗಾಳಿ ಹಾಯಿಸಿದಾಗ ಪುಡಿ ಉಪ್ಪಿನಂತೆ ಒಂದು ಚಿಟಿಕೆ ಗಾಜಿನ ಮಣಿ ಉದುರಿತು. ಹಾಗೆಯೇ ಜೋಡಿಸಿದ್ದರೆ ಆ ಮಣಿಗಳೇ ಜೆಟ್ಟಿನ ಬಾಯಿ ಮುಚ್ಚುತ್ತಿದ್ದವು. ತೊಳೆದು ಗಾಳಿ ಹಿಡಿದೇ ಕೊಡುವುದಾಗಿ ಶೆಡ್ಡಿನವರು ಹೇಳಿದ್ದರಿಂದ ಇದನ್ನು ಅವರ ಲೋಪವೆಂದೇ ಎಣಿಸುತ್ತೇನೆ. ಜೆಟ್ಟುಗಳನ್ನಂತೂ ಯಾರಿಗೂ ಕೊಡಬೇಡಿ, ತಂತಿಯಿಂದ ಚುಚ್ಚಲೂ ಬೇಡಿ. ಮುಖ್ಯ ಜೆಟ್ಟಿನ ಮೇಲೆ 120 ಎಂದು ಕೊರೆದಿದ್ದರೆ ಅದರ ರಂಧ್ರ 1.20 ಮಿಲಿಮೀಟರ್ ಎಂದರ್ಥ. ಹಿತ್ತಾಳೆಯ ಆ ರಂಧ್ರ ಕೂದಲೆಳೆಯಷ್ಟು ಅಗಲವಾದರೂ ಗಾಡಿ ಪೆಟ್ರೋಲ್ ಕುಡಿಯತೊಡಗುತ್ತದೆ.

ಉಕ್ಕಿನ ಭಾಗಗಳ ವಿಷಯದಲ್ಲಿ ಇದೇ ವಿಧಾನ ನನಗೆ ಒಪ್ಪಿಗೆಯಾಗಲಿಲ್ಲ. ಬ್ಯಾಟರಿ ಕೂರಿಸುವ ತಟ್ಟೆಯನ್ನು ತೆಗೆದುಕೊಂಡು ಜುಲೈ ತಿಂಗಳ ಮಳೆಯಲ್ಲಿ ಜಯನಗರ ತಲುಪುವಷ್ಟರಲ್ಲಿ ಅದರ ಮೇಲೆ ಕಿತ್ತಳೆ ಬಣ್ಣದ ತೆಳು ತುಕ್ಕು ಮೂಡಿಬಿಟ್ಟಿತ್ತು. ಬರಿಮೈಯಾದ ಉಕ್ಕಿಗೆ ತೇವ ತಗುಲಿದರೆ ಹೀಗಾಗಲು ಗಂಟೆಯೂ ಬೇಕಿಲ್ಲ. ಉಕ್ಕಿಗೆ ಒಣ ಬ್ಲಾಸ್ಟಿಂಗ್ ಮಾಡಿಸಿ, ಅಲ್ಲೇ ಪ್ರೈಮರ್ ಹೊಡೆಸಿಕೊಂಡು ಬರುವುದು ಮೇಲು. ಬಾನೆಟ್ಟು, ಬಾಗಿಲುಗಳಂತಹ ತೆಳು ತಗಡನ್ನು ಮಾತ್ರ ಜೋರು ಒತ್ತಡದ ಒಣ ಬ್ಲಾಸ್ಟಿಂಗಿಗೆ ಕೊಡಬಾರದು, ಸೊಟ್ಟಗಾಗುತ್ತದೆ.

ಇನ್ನು ಪ್ಲೇಟಿಂಗ್. ಮುಂದಿನ ಬಂಪರ್ ನಿಜಕ್ಕೂ ಚೆನ್ನಾಗಿ ಬಂತು. ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳ್ಳಗಿರುತ್ತದೆ. ನಾವು ಮೆಚ್ಚುವ ಹೊಳಪೆಲ್ಲ ಅದರಡಿಯ ನಿಕಲ್ಲಿನದು ಮತ್ತು ಬಫಿಂಗ್ (ಉಜ್ಜಿ ಹೊಳಪು ತರುವ ಕೆಲಸ) ಮಾಡಿದ ಕೈಯದು. ಆ ಕೈ ಪಳಗಿದ್ದೇ ಇರಬೇಕು, ಏಕೆಂದರೆ ಬಂಪರಿನ ಅಂಚುಗಳು ಎಲ್ಲೂ ಸವೆದು ಮೊಂಡಾಗಿರಲಿಲ್ಲ.

ಆದರೆ ಬಾಗಿಲಿನ ಹಿಡಿಗಳು ಹಾಳಾದವು. ಅವು ಉಕ್ಕಿನವಲ್ಲ, ಅಚ್ಚಿಗೆ ಎರೆದ ಸತುವಿನ ಮಿಶ್ರಲೋಹದವು. ಹಳೆಯ ಲೇಪ ತೆಗೆಯಲು ಬಂಪರನ್ನು ಅದ್ದಿದ ಆ್ಯಸಿಡ್ ತೊಟ್ಟಿಯಲ್ಲೇ ಇವುಗಳನ್ನೂ ಅದ್ದಿದ್ದಾರೆ. ಹೈಡ್ರೋಕ್ಲೋರಿಕ್ ಆ್ಯಸಿಡ್ಡಿಗೆ ಸತು ಸಿಕ್ಕರೆ ಕೇಳಬೇಕೇ, ನೊರೆಯುಕ್ಕಿಸಿ ತಿಂದುಹಾಕುತ್ತದೆ. ಹೊಸ ಕ್ರೋಮಿನ ಅಡಿಯಲ್ಲಿ ಸಿಡುಬಿನ ಕಲೆಗಳಂಥ ಗುಳಿಗಳು ಉಳಿದವು. ಒಂದನ್ನಂತೂ ಬಳಸುವಂತೆಯೇ ಇರಲಿಲ್ಲ. ಅದರ ಜೋಡಿಗಾಗಿ ಶಿವಾಜಿನಗರದ ಗುಜರಿ ಅಂಗಡಿಗಳನ್ನು ಮೂರು ಭಾನುವಾರ ಸುತ್ತಿದೆ. ಘಟಕದವರು ಕೂಲಿಯನ್ನು ಬಿಟ್ಟುಕೊಟ್ಟರೇ ಹೊರತು ತಪ್ಪೊಪ್ಪಲಿಲ್ಲ. ಯಾವ ಲೋಹವೆಂದು ಹೇಳದೆ ಒಂದೇ ಗೋಣಿಚೀಲದಲ್ಲಿ ಎಲ್ಲವನ್ನೂ ತುಂಬಿಕೊಟ್ಟ ನನ್ನ ಪಾಲೂ ಇದರಲ್ಲಿದೆ. ಆಯಸ್ಕಾಂತ ಹಿಡಿದು ನೋಡಿದ್ದರೆ ಸಾಕಿತ್ತು: ಉಕ್ಕಿಗೆ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ, ಸತುವಿನ ಮೇಲೆ ನಿಕಲ್ ಪದರವಿದ್ದರೆ ಹೆಚ್ಚೆಂದರೆ ತುಸು ಎಳೆದಂತೆ ಅನಿಸೀತು.

ಸಸ್ಪೆನ್ಷನ್ನಿನ ಬೋಲ್ಟುಗಳನ್ನೂ ಸ್ಪ್ರಿಂಗುಗಳನ್ನೂ ನಾನು ಕೊಡಲಿಲ್ಲ. ಆ್ಯಸಿಡ್ಡಿನಲ್ಲೂ ಪ್ಲೇಟಿಂಗ್ ತೊಟ್ಟಿಯಲ್ಲೂ ಹುಟ್ಟುವ ಹೈಡ್ರೋಜನ್, ಗಡಸು ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಲವು ಗಂಟೆ ಇಟ್ಟು ಅದನ್ನು ಹೊರಹಾಕದಿದ್ದರೆ ಬೋಲ್ಟು ಒಂದು ದಿನ ಸದ್ದಿಲ್ಲದೆ ತುಂಡಾಗಬಹುದು. ತಮ್ಮಲ್ಲಿ ಅಂಥ ಓವನ್ ಇಲ್ಲವೆಂದು ಘಟಕದ ಮಾಲೀಕರೇ ಮುಚ್ಚಿಡದೆ ಹೇಳಿದರು. ಅವುಗಳಿಗೆ ಸೀಮೆಎಣ್ಣೆ, ತಂತಿ ಬ್ರಷ್ಷು ಮತ್ತು ತಾಳ್ಮೆ ಸಾಕಾದವು.

ಸಣ್ಣಪುಟ್ಟ ಉಕ್ಕಿನ ಭಾಗಗಳಿಗೂ ಪೀಣ್ಯದವರೆಗೆ ಹೋಗಬೇಕಿಲ್ಲ. ದಿನಸಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆ್ಯಸಿಡ್) ಲೀಟರ್ ನೀರಿಗೆ 50 ಗ್ರಾಮಿನಂತೆ ಕರಗಿಸಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಒರೆಸಿ, ಒಡನೆಯೇ ಎಣ್ಣೆ ಸವರಿದರೆ ಆಯಿತು. ರೇಡಿಯೇಟರಿನ ಹಿತ್ತಾಳೆ ತೊಟ್ಟಿಯನ್ನು ಅಮ್ಮ ದೇವರ ದೀಪಗಳ ಜೊತೆಗೇ ಹುಣಸೆಹಣ್ಣಿನಲ್ಲಿ ತಿಕ್ಕಿಕೊಟ್ಟರು. ಇಡೀ ಗಾಡಿಯಲ್ಲಿ ಯಾರೂ ದೂರು ಹೇಳದ ಕೆಲಸ ಅದೊಂದೇ.

ಬ್ಲಾಸ್ಟಿಂಗ್ ಶೆಡ್ಡಿಗೆ ಎರಕದ ಅಲ್ಯೂಮಿನಿಯಂ ಮತ್ತು ಸತುವಿನ ಭಾಗಗಳನ್ನು ಧೈರ್ಯವಾಗಿ ಕೊಡಬಹುದು, ವಾಪಸು ತಂದ ಮೇಲೆ ಪ್ರತಿಯೊಂದು ರಂಧ್ರಕ್ಕೂ ಗಾಳಿ ಹಿಡಿಯುವುದಾದರೆ. ಪ್ಲೇಟಿಂಗ್ ಘಟಕಕ್ಕೆ ನಾನಂತೂ ಉಕ್ಕನ್ನಲ್ಲದೆ ಬೇರೇನನ್ನೂ ಒಯ್ಯುವುದಿಲ್ಲ. ಹಿಂದಿನ ಬಂಪರಿಗೆ ‘ಉಕ್ಕು’ ಎಂದು ಬರೆದ ಚೀಟಿ ಕಟ್ಟಿ ಬಾಗಿಲ ಬಳಿ ಒರಗಿಸಿಟ್ಟಿದ್ದೇನೆ. ಹಿಂಬಾಗಿಲುಗಳ ಹಿಡಿಗಳು ಸದ್ಯಕ್ಕೆ ಅಟ್ಟದ ಮೇಲೆಯೇ ಇವೆ.