ಬ್ರೇಕ್ ಬಿಡುವ ಪಾಠ: ಎರಡು ದಿನಗಳ ಟ್ರ್ಯಾಕ್ ತರಬೇತಿಯ ವಿಮರ್ಶೆ

ರಸ್ತೆಯಲ್ಲಿ ವರ್ಷಗಟ್ಟಲೆ ಬೈಕ್ ಓಡಿಸಿ ಪಳಗಿದ್ದೇನೆ ಎಂದುಕೊಂಡಿದ್ದ ನನಗೆ ಈ ತರಬೇತಿ ತೋರಿಸಿಕೊಟ್ಟ ಮೊದಲ ದೋಷವೆಂದರೆ, ಬ್ರೇಕ್ ಲಿವರನ್ನು ಹಿಡಿಯುವಾಗ ಇದ್ದ ಎಚ್ಚರ ಅದನ್ನು ಬಿಡುವಾಗ ಇರಲಿಲ್ಲ ಎಂಬುದು. ತರಬೇತಿಯ ಅತ್ಯುತ್ತಮ ಭಾಗವೂ ಅದೇ ಆಗಿದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬ್ರೇಕ್ ಹಾಕಿದೊಡನೆ ಭಾರ ಮುಂದಕ್ಕೆ ಸರಿದು, ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗ್ ಕಾಲುಗಳಾದ ಫೋರ್ಕ್ ಕುಗ್ಗುತ್ತದೆ, ಮುಂದಿನ ಟೈರು ನೆಲಕ್ಕೆ ಒತ್ತಿಕೊಂಡು ಹಿಡಿತ ಹೆಚ್ಚುತ್ತದೆ. ಭಾರ ಸರಿಯುವ ಮೊದಲೇ ಲಿವರನ್ನು ಜಗ್ಗಿದರೆ ಚಕ್ರ ಜಾಮ್ ಆಗಬಹುದಾದ್ದರಿಂದ, ಮೊದಲು ಮೆಲ್ಲಗೆ ಒತ್ತಿ ಆಮೇಲೆ ಬಲ ಹೆಚ್ಚಿಸುವುದನ್ನು ನೇರ ದಾರಿಯಲ್ಲಿ ಹತ್ತಾರು ಬಾರಿ ಮಾಡಿಸಿದರು. ಇಷ್ಟರಲ್ಲಿ ನನಗೆ ಹೊಸತೇನೂ ಇರಲಿಲ್ಲ. ತಿರುವಿನೊಳಕ್ಕೂ ಬ್ರೇಕನ್ನು ಒಯ್ಯುವ ಟ್ರೇಲ್ ಬ್ರೇಕಿಂಗ್ ಪಾಠದ ವಿಡಿಯೊ ನೋಡಿದಾಗ ಮಾತ್ರ ನಾಚಿಕೆಯಾಯಿತು: ಬೈಕ್ ವಾಲಿಸುವ ಹೊತ್ತಿಗೆ ಸರಿಯಾಗಿ ನಾನು ಲಿವರನ್ನು ಥಟ್ಟನೆ ಬಿಡುತ್ತಿದ್ದೆ, ಕುಗ್ಗಿದ್ದ ಫೋರ್ಕ್ ಪುಟಿದೇಳುತ್ತಿತ್ತು, ಬೈಕ್ ತಿರುವಿನ ಹೊರಗಂಚಿಗೆ ಓಡುತ್ತಿತ್ತು. ವಾಲಿಕೆ ಹೆಚ್ಚಿದಂತೆ ಒತ್ತಡವನ್ನು ಇಳಿಸುತ್ತ ಹೋದರೆ ಫೋರ್ಕ್ ಕುಗ್ಗಿಯೇ ಉಳಿದು, ಅದರ ಕೋನ ಕಡಿದಾಗಿ, ಬೈಕ್ ಸಲೀಸಾಗಿ ಒಳಕ್ಕೆ ತಿರುಗುತ್ತದೆ. ಟೈರಿನ ಹಿಡಿತಕ್ಕೂ ಒಂದು ಮಿತಿಯಿರುವುದರಿಂದ, ತಿರುವಿನ ಬೇಡಿಕೆ ಏರಿದಂತೆ ಬ್ರೇಕಿನ ಪಾಲು ಇಳಿಯಲೇಬೇಕು. ತರಬೇತುದಾರರು ಇದನ್ನು ಬಾಯಲ್ಲಿ ಹೇಳಿ ಸುಮ್ಮನಾಗದೆ, ನಿಂತ ಬೈಕಿನಲ್ಲಿ ನನ್ನ ಬೆರಳುಗಳ ಮೇಲೆ ತಮ್ಮ ಬೆರಳಿಟ್ಟು, ಲಿವರ್ ಎಷ್ಟು ನಿಧಾನವಾಗಿ ಹಿಂದಿರುಗಬೇಕೆಂದು ತೋರಿಸಿದರು. ಅದಾದ ಮೇಲೆ ವಿವರಣೆ ಬೇಕಾಗಲಿಲ್ಲ.

ಥ್ರಾಟಲ್, ಅಂದರೆ ಆಕ್ಸಿಲರೇಟರ್ ಹಿಡಿಯ ಪಾಠ ಈ ಮಟ್ಟಕ್ಕೆ ಏರಲಿಲ್ಲ. ಏಪೆಕ್ಸ್, ಅಂದರೆ ಬೈಕ್ ತಿರುವಿನ ಒಳಗಂಚಿಗೆ ಅತಿ ಹತ್ತಿರ ಬರುವ ಬಿಂದು, ದಾಟಿದ ಮೇಲೆ ತೆರೆಯಬೇಕೆಂಬ ಒಂದೇ ಸೂತ್ರವನ್ನು ಎಲ್ಲ ತಿರುವುಗಳಿಗೂ ಅನ್ವಯಿಸಿದರು. ಉದ್ದನೆಯ ತಿರುವಿನಲ್ಲಿ ಅಲ್ಲಿಯವರೆಗೂ ಥ್ರಾಟಲ್ ಮುಚ್ಚಿಕೊಂಡೇ ಸಾಗಿದರೆ ಬೈಕ್ ವೇಗ ಕಳೆದುಕೊಳ್ಳುತ್ತ ಮುಂದಿನ ಟೈರಿನ ಮೇಲೆಯೇ ಭಾರ ಹೇರುತ್ತದೆ. ವೇಗವನ್ನು ಕಾಯ್ದುಕೊಳ್ಳುವಷ್ಟು ಮಾತ್ರ ತೆರೆಯುವ ನವಿರು ಅಲ್ಲಿ ಬೇಕು. ತೀರಾ ವಾಲಿದ್ದಾಗ ತಿರುಚಿದರೆ ಹಿಂದಿನ ಚಕ್ರ ಜಾರುತ್ತದೆ, ಗಾಬರಿಯಿಂದ ಮುಚ್ಚಿದರೆ ಅದೇ ಚಕ್ರ ಹಠಾತ್ತನೆ ಹಿಡಿತ ಕಂಡುಕೊಂಡು ಸವಾರನನ್ನು ಮೇಲಕ್ಕೆಸೆಯುತ್ತದೆ. ಹೈಸೈಡ್ ಎಂಬ ಈ ಅಪಾಯವನ್ನು ಒಂದೇ ವಾಕ್ಯದಲ್ಲಿ ಮುಗಿಸಿದ್ದು ನನಗೆ ಸರಿಕಾಣಲಿಲ್ಲ.

ಮೊದಲ ದಿನದ ಬೆಳಗಿನ ಹೊತ್ತೆಲ್ಲ ಬ್ರೇಕ್ ಮುಟ್ಟದೆ ಒಂದೇ ಗೇರಿನಲ್ಲಿ ಸುತ್ತುವ ಅಭ್ಯಾಸಕ್ಕೆ ಹೋಯಿತು. ವೇಗ ಶೇ. 10ರಷ್ಟು ಹೆಚ್ಚಿದರೆ ಅದೇ ತಿರುವಿಗೆ ಬೇಕಾದ ಹಿಡಿತ ಶೇ. 21ರಷ್ಟು ಹೆಚ್ಚುವುದರಿಂದ, ಪ್ರವೇಶದ ವೇಗವನ್ನು ಕಣ್ಣಳತೆಯಲ್ಲೇ ತೂಗಲು ಕಲಿಸುವ ಈ ಅಭ್ಯಾಸಕ್ಕೆ ಅರ್ಥವಿದೆ. ಆದರೆ ನಾಲ್ಕನೆಯ ಸರದಿಯ ಹೊತ್ತಿಗೆ ಅದು ಸಮಯ ತುಂಬಿಸುವ ಉಪಾಯವೆನಿಸಿತ್ತು. ದೇಹವನ್ನು ಒಳಗಡೆಗೆ ಸರಿಸಿದರೆ ಅದೇ ವೇಗಕ್ಕೆ ಬೈಕ್ ಕಡಿಮೆ ವಾಲಿದರೆ ಸಾಕು ಎಂಬುದನ್ನೂ, ಹೊರಗಿನ ಮಂಡಿಯಿಂದ ಟ್ಯಾಂಕನ್ನು ಅಪ್ಪಿ ತೋಳುಗಳನ್ನು ಸಡಿಲ ಬಿಡುವುದನ್ನೂ ಚೆನ್ನಾಗಿ ಹೇಳಿಕೊಟ್ಟರು. ಹೊಸಬರನ್ನೂ ಅನುಭವಿಗಳನ್ನೂ ಒಂದೇ ಗುಂಪಿಗೆ ಸೇರಿಸಿದ್ದರಿಂದ ಇಬ್ಬರಿಗೂ ತೊಂದರೆಯಾಯಿತು.

ತಿರುವಿಗೆ ಮೊದಲೇ ಬ್ರೇಕನ್ನು ಪೂರ್ತಿ ಬಿಟ್ಟುಬಿಡುವ ಅಭ್ಯಾಸವಿರುವವರಿಗೆ ಈ ತರಬೇತಿಯನ್ನು ಹಿಂಜರಿಯದೆ ಸೂಚಿಸುತ್ತೇನೆ. ಮುಂದಿನ ಹಂತಕ್ಕೆ ನಾನೂ ಹೆಸರು ಕೊಟ್ಟಿದ್ದೇನೆ. ಥ್ರಾಟಲ್‌ಗೆ ಕನಿಷ್ಠ ಅರ್ಧ ದಿನ ಮೀಸಲಿಡಬೇಕೆಂದು ಅಭಿಪ್ರಾಯ ಪತ್ರದಲ್ಲಿ ಬರೆದುಕೊಟ್ಟಿದ್ದೇನೆ.